ಉಸಿರಿಗೆ ಬಿಟ್ಟ ತುತ್ತು

ತುರೋರಿಯ ಮಠದಲ್ಲಿ ಒಮ್ಮೆ ಉಂಡವರಿಗೆ ಅನುಸೂಯಾಬಾಯಿಯ ಕೈರುಚಿಗಿಂತ ಮೊದಲು ನೆನಪಾಗುವುದು ಆಕೆಯ ಕಣ್ಣು. ಪಂಕ್ತಿಯ ತುದಿಯಲ್ಲಿ ಸೌಟು ಹಿಡಿದು ನಿಂತಳೆಂದರೆ ಮುಗಿಯಿತು, ತಟ್ಟೆಯಲ್ಲಿ ಒಂದು ಅಗುಳು ಬಿಟ್ಟು ಏಳುವ ಧೈರ್ಯ ತಹಶೀಲ್ದಾರನಿಗೂ ಬರುವುದಿಲ್ಲ. ಹೆದ್ದಾರಿಯಲ್ಲಿ ಲಾರಿ ನಿಲ್ಲಿಸಿ ಉಣ್ಣಲು ಬಂದ ಡ್ರೈವರನೊಬ್ಬ ಹಿಂದೊಮ್ಮೆ ಅರ್ಧ ರೊಟ್ಟಿ ಬಿಟ್ಟು ಎದ್ದಿದ್ದ. ಆಕೆ ಬೈಯಲಿಲ್ಲ. ಅವನೆದುರು ಕುಕ್ಕರಗಾಲಲ್ಲಿ ಕೂತು, “ಯಪ್ಪಾ, ಇದು ಯಾರ ಸಲುವಾಗಿ ಬಿಟ್ಟಿ? ಹೆಸರು ಹೇಳು, ಅವರಿಗಿ ಕರದು ಉಣಸ್ತೀನಿ” ಎಂದು ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಕೇಳಿದಳು. ಡ್ರೈವರ್ ತೆಪ್ಪಗೆ ಕೂತು ರೊಟ್ಟಿ ಮುಗಿಸಿದ. ಪಕ್ಕದವರನ್ನು ನೋಡಿ ತಾನೂ ತಟ್ಟೆಗೆ ನೀರು ಹಾಕಿ, ತೊಳೆದು, ಆ ನೀರನ್ನೂ ಕುಡಿದ. ಮುಂದಿನ ಸಲ ಬಂದಾಗ ಜೊತೆಗಾರರಿಗೆ ತಾನೇ ಪಾಠ ಹೇಳುತ್ತಿದ್ದ.

ಇದು ಆಕೆ ಹುಟ್ಟಿಸಿದ ಕಾನೂನಲ್ಲ. ಮಹಾರಾಷ್ಟ್ರದ ಗಡಿಯ ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಶಿವಭಕ್ತರ ಮನೆಗಳಲ್ಲಿ ಮೊದಲಿನಿಂದಲೂ ಬಂದ ನಡೆ. ತಟ್ಟೆಗೆ ಬಿದ್ದ ಮೇಲೆ ಅದು ಊಟವಲ್ಲ, ಪ್ರಸಾದ. ಪ್ರಸಾದ ಚೆಲ್ಲಿದರೆ ಪಾಪ. ಉಳಿದವರು ಈ ಮಾತನ್ನು ನಂಬಿದ್ದರು, ಅನುಸೂಯಾಬಾಯಿ ಅದನ್ನು ಕಾಯುತ್ತಿದ್ದಳು. ನಂಬುವುದಕ್ಕೂ ಕಾಯುವುದಕ್ಕೂ ಎಷ್ಟು ವ್ಯತ್ಯಾಸವೆಂದು ತಿಳಿಯಬೇಕಾದರೆ ಆಕೆಯ ಪಂಕ್ತಿಯಲ್ಲಿ ಒಮ್ಮೆ ಕೂರಬೇಕು.

ಆಕೆ ಔರಾದ ಶಹಾಜನಿಯ ಜಂಗಮರ ಮನೆಯ ಮಗಳು. ಲಗ್ನವಾಗಿ ಬಂದದ್ದು ಈ ಮಠದ ರೇವಣಸಿದ್ಧಯ್ಯನವರಿಗೆ. ಅವರು ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರಲ್ಲಿ ಭಿಕ್ಷೆಗೆ ಹೋಗುವರು. ಜಂಗಮರು ಮನೆಮನೆಗೆ ಹೋಗಿ ಬೇಡುವ ಆ ಭಿಕ್ಷೆಗೆ ಇಲ್ಲಿ ಕೋರಣ್ಯ ಅನ್ನುತ್ತಾರೆ. ಬಂದ ಜೋಳ, ಬೇಳೆ, ಹಿಟ್ಟನ್ನೆಲ್ಲ ಈಕೆ ಬೇಯಿಸಿ ಹಸಿದವರಿಗೆ ಬಡಿಸುವಳು. ಮಕ್ಕಳಾಗಲಿಲ್ಲ. ಆ ಕೊರಗು ಆಕೆಗಿತ್ತು, ಇಲ್ಲವೆಂದರೆ ಸುಳ್ಳಾದೀತು. ಆದರೆ ಹಿಟ್ಟು ನಾದುವ ಹೊತ್ತಿಗೆ ಅದು ಮರೆತುಹೋಗುತ್ತಿತ್ತು. ರೇವಣಸಿದ್ಧಯ್ಯ ಲಿಂಗೈಕ್ಯರಾದಾಗ ತವರಿನವರು ಗಾಡಿ ಮಾಡಿಕೊಂಡು ಕರೆದೊಯ್ಯಲು ಬಂದರು. “ಒಲಿ ಮ್ಯಾಲ ಬ್ಯಾಳಿ ಇಟ್ಟೀನಿ, ಕುದ್ದ ಮ್ಯಾಲ ಬರ್ತೀನಿ” ಅಂದಳು. ಅವರು ಸಂಜೆಯವರೆಗೆ ಕಾದು, ಬೇಳೆಯನ್ನೇ ಉಂಡು, ತಟ್ಟೆ ತೊಳೆದು ಕುಡಿದು ಹೊರಟುಹೋದರು.

ಆ ಒಲೆಯೇ ಆಕೆಯ ಎದೆಗೆ ಮುಳುವಾಯಿತು.

ತೊಗರಿ ರಾಶಿಯಾದ ಮೇಲೆ ಊರಿನ ಒಬ್ಬೊಬ್ಬ ರೈತನೂ ಒಣಗಿದ ತೊಗರಿ ಕಟ್ಟಿಗೆಯ ಹೊರೆಯೊಂದನ್ನು ಮಠಕ್ಕೆ ತಂದು ಹಾಕುವುದು ಪದ್ಧತಿ. ಮನೆಗಳಲ್ಲೆಲ್ಲ ಸಿಲಿಂಡರ್ ಬಂದು ಎಷ್ಟೋ ಕಾಲವಾದರೂ ಮಠದ ಒಲೆ ಮಾತ್ರ ಹೊಲದ ಕಟ್ಟಿಗೆಯಲ್ಲೇ ಉರಿಯುತ್ತಿತ್ತು. ತೊಗರಿ ಕಟ್ಟಿಗೆ ಧಗ್ಗೆಂದು ಹೊತ್ತುತ್ತದೆ, ಬೇಗ ತೀರುತ್ತದೆ, ಮಳೆಗಾಲದಲ್ಲಿ ತಂಪು ಹಿಡಿದರೆ ಹೊಗೆಯೇ ಹೊಗೆ. ತಗಡಿನ ಮಾಡಿನ ಕೆಳಗೆ ಆ ಹೊಗೆ ನುಂಗಿ ನುಂಗಿ ಅನುಸೂಯಾಬಾಯಿಗೆ ಕೆಮ್ಮು ಅಂಟಿತು. ಮೊದಲು ಕೆಮ್ಮುತ್ತ ರೊಟ್ಟಿ ಬಡಿಯುತ್ತಿದ್ದಳು. ಆಮೇಲೆ ಒಂದು ರೊಟ್ಟಿ ಬಡಿದು ಗೋಡೆ ಹಿಡಿದು ನಿಲ್ಲುವಂತಾಯಿತು. ಉಮರ್ಗಾದ ಡಾಕ್ಟರು ಎದೆಯ ಫೋಟೋ ಬೆಳಕಿಗೆ ಹಿಡಿದು ನೋಡಿ, ಹೊಗೆ ಬಿಟ್ಟರೆ ಬಾಳುತ್ತೀರಿ, ಬಿಡದಿದ್ದರೆ ಮನೆಯಲ್ಲಿ ಉಸಿರಿನ ಯಂತ್ರ ಇಡಬೇಕಾಗುತ್ತದೆ ಎಂದು ನೇರವಾಗಿಯೇ ಹೇಳಿಬಿಟ್ಟರು.

ಸೋಮೇಶ್ವರ ಆಕೆಯ ಮೈದುನನ ಮಗ. ಮಠದ ಪೂಜೆ, ಊರಿನ ಲಗ್ನ, ಗೃಹಪ್ರವೇಶ ಎಲ್ಲ ಈಗ ಅವನದೇ. ಆಕೆಯನ್ನು ಉಮರ್ಗಾದಿಂದ ಕರೆತಂದು ಬಸ್ಸಿನಿಂದ ಇಳಿದವನೇ ಸಿಲಿಂಡರ್ ಮಾತೆತ್ತಿದ.

“ನಾಳಿನೇ ತರ್ತೀನಿ ದೊಡ್ಡವ್ವಾ. ಎರಡು ತರ್ತೀನಿ.”

“ಮಂದಿ ತಮ್ಮ ಹೊಲದಿಂದ ಬೆಂಕಿ ಹೊತಗೊಂಡು ಬರ್ತಾರಲ್ಲೋ, ಅವರಿಗಿ ಏನ್ ಹೇಳ್ಲಿ? ನಿಮ್ಮದು ಬ್ಯಾಡ, ಅಂಗಡೀದು ಚಲೋ ಅದ ಅನ್ಲೇನು?”

“ಹಂಗಾದ್ರ ಪೂನಮ್ ಅಡಗಿ ಮಾಡ್ತಾಳ. ನೀ ಹೊರಗ ಕಟ್ಟಿ ಮ್ಯಾಲ ಕೂಡು.”

ಪೂನಮ್ ಅವನ ಹೆಂಡತಿ, ನಿಲಂಗಾದ ಹುಡುಗಿ, ಒಳ್ಳೆಯವಳೇ. ಆದರೂ ಆ ಮಾತು ಅನುಸೂಯಾಬಾಯಿಗೆ ಕಪಾಳಕ್ಕೆ ಹೊಡೆದಂತಾಯಿತು. ಒಲೆ ಬಿಟ್ಟು ಕಟ್ಟೆಯ ಮೇಲೆ ಕೂರುವುದಾದರೆ ತಾನು ಈ ಮಠದಲ್ಲಿ ಯಾರು? ಊಟಕ್ಕೆ ಬಂದ ಇನ್ನೊಬ್ಬ ಮುದುಕಿ, ಅಷ್ಟೇ. ಅವತ್ತು ಆಕೆ ಸೋಮೇಶ್ವರನಿಗೆ ಬಡಿಸುವಾಗ ಮುಖ ನೋಡಲಿಲ್ಲ.

ಸೋಮೇಶ್ವರನೂ ಹಟದಲ್ಲಿ ಅದೇ ಮನೆತನದವನು. ಉದಗೀರಕ್ಕೆ ಒಂದು ಲಗ್ನ ಮಾಡಿಸಲು ಹೋದವನು ಅಲ್ಲಿಯ ಹಾಸ್ಟೆಲಿನ ಹಿಂದೆ ಒಂದು ಗೋಬರ್ ಗ್ಯಾಸಿನ ಗುಂಡಿ ನೋಡಿ ಬಂದ. ಹುಡುಗರು ಉಂಡು ಬಿಟ್ಟದ್ದನ್ನು ಕಲಸಿ ಗುಂಡಿಗೆ ಹಾಕುತ್ತಾರೆ. ಅದು ಒಳಗೆ ಕೊಳೆತು ಗ್ಯಾಸಾಗಿ, ಮೇಲೆ ಬೋರಲು ಹಾಕಿದ ಡ್ರಮ್ಮನ್ನು ಎತ್ತುತ್ತದೆ. ಪೈಪು ಹಿಡಿದು ಅಡುಗೆಮನೆಗೆ ಬಂದು ನೀಲಿ ಬೆಂಕಿಯಾಗುತ್ತದೆ. ಹೊಗೆಯಿಲ್ಲ, ಅಂಗಡಿಯದೂ ಅಲ್ಲ. ದೊಡ್ಡವ್ವನ ಬಾಯಿ ಮುಚ್ಚಿಸಲು ಇದಕ್ಕಿಂತ ಬೇರೆ ಬೇಕೆ? ಬಾವಿಯ ಮಗ್ಗುಲಿಗೆ ಗುಂಡಿ ತೋಡಿಸಿದ. ಮೊದಲ ಸಲಕ್ಕೆ ಸೆಗಣಿಯೇ ಬೇಕೆಂದಾಗ ಕಲ್ಯಾಣಪ್ಪ ತನ್ನ ತಿಪ್ಪೆಗೆ ಹೋಗಬೇಕಾದ ಸೆಗಣಿಯನ್ನು ಟ್ರಾಲಿ ತುಂಬ ತಂದು ಹಾಕಿದ. ಕಲ್ಯಾಣಪ್ಪನೆಂದರೆ ಊರಿನ ಹಳೆಯ ಒಕ್ಕಲು ಮನೆತನದ ಹಿರಿಯ. ಸೋಮವಾರದ ಪಂಕ್ತಿಯಲ್ಲಿ ಮೊದಲ ತಟ್ಟೆ ಅವನದು.

ಕೆಲವು ದಿನಕ್ಕೆ ಡ್ರಮ್ಮು ಎದ್ದಿತು. ಅನುಸೂಯಾಬಾಯಿ ಅಂಜುತ್ತ ಕಡ್ಡಿ ಗೀರಿದಳು. ಹೊಸ ಗ್ಯಾಸ್ ಒಲೆ, ಆ ಶೇಗಡಿಯ ಸುತ್ತ ನೀಲಿ ಬೆಂಕಿ ಸದ್ದಿಲ್ಲದೆ ಅರಳಿತು.

“ಹೊಗಿ ಎಲ್ಲದನೋ?” ಎಂದು ಆಕೆ ಮಾಡಿನ ಕಡೆ ನೋಡಿದಳು. ಅವತ್ತಿನ ರೊಟ್ಟಿಗಳನ್ನೆಲ್ಲ ಒಂದು ಸಲವೂ ಗೋಡೆ ಹಿಡಿಯದೆ ಬಡಿದಳು. ಸಂತೋಷವಾಯಿತು, ಮುಚ್ಚಿಡುವ ಜಾತಿಯ ಸಂತೋಷವಲ್ಲ, ಪೂನಮ್‌ಳನ್ನು ಕರೆದು ಎರಡೆರಡು ಸಲ ಬೆಂಕಿ ತೋರಿಸಿದಳು.

ಆಮೇಲೆ ಡ್ರಮ್ಮು ಇಳಿಯತೊಡಗಿತು. ಇಳಿಯಿತು, ಇನ್ನೂ ಇಳಿಯಿತು, ಬೆಂಕಿ ಮಿಣಮಿಣವಾಯಿತು. ಸೋಮೇಶ್ವರ ಬಂದು ಉಳಿದ ಅನ್ನ ಹಾಕಲೆಂದು ಪಂಕ್ತಿಯ ಪಕ್ಕ ತಾನೇ ಇಟ್ಟಿದ್ದ ಬಕೆಟ್ ಬಗ್ಗಿ ನೋಡಿದ. ತಳ ಕಾಣುತ್ತಿತ್ತು.

“ಉಳದದ್ದು ಎಲ್ಲಿ ದೊಡ್ಡವ್ವಾ?”

“ಉಳದದ್ದಾ? ಮಠದಾಗ ಉಳೀತದೇನೋ ಹುಚ್ಚಪ್ಪಾ?”

ಆಗ ಅವನಿಗೆ ಹೊಳೆಯಿತು. ಹುಟ್ಟಿದಾಗಿನಿಂದ ತಟ್ಟೆ ತೊಳೆದು ಕುಡಿದವನು, ಕುಡಿಯದವರಿಗೆ ಮಠದ ಸಂಸ್ಕಾರ ಹೇಳುವವನು, ಮಂದಿ ಬಿಟ್ಟೆದ್ದ ಅನ್ನದ ಮೇಲೆ ನಡೆಯುವ ಗುಂಡಿಯನ್ನು ತನ್ನ ಮಠದಲ್ಲೇ ತೋಡಿಸಿ ಕೂತಿದ್ದ! ಉದಗೀರದ ಹುಡುಗರು ಬಿಟ್ಟದ್ದರಲ್ಲಿ ಒಂದು ಹಾಸ್ಟೆಲಿನ ಅಡುಗೆಯಾಗುತ್ತದೆ. ತುರೋರಿಯ ಮಂದಿ ಬಿಟ್ಟದ್ದರಲ್ಲಿ ಒಂದು ಕಪ್ ಚಹಾ ಆಗಲಿಕ್ಕಿಲ್ಲ. ಬದನೆಕಾಯಿಯ ತೊಟ್ಟು, ಉಳ್ಳಾಗಡ್ಡಿಯ ಸಿಪ್ಪೆ, ಮಠದ ಒಂದೇ ಒಂದು ಮುದಿ ಆಕಳಿನ ಸೆಗಣಿ, ಇಷ್ಟರಲ್ಲಿ ಗುಂಡಿಯ ಹೊಟ್ಟೆ ಎಲ್ಲಿಯದು ತುಂಬಬೇಕು? ಊರಲ್ಲಿಯೂ ಟ್ರ್ಯಾಕ್ಟರ್ ಬಂದ ಮೇಲೆ ದನ ಕಡಿಮೆ. ಇದ್ದವರ ಸೆಗಣಿ ಅವರವರ ತಿಪ್ಪೆಗೆ ಬೇಕು. ಕಲ್ಯಾಣಪ್ಪ ಒಮ್ಮೆ ಕೊಟ್ಟಿದ್ದಾನೆ, ದಿನಾ ಕೊಡು ಅನ್ನುವುದು ಹೇಗೆ?

ಮತ್ತೆ ತೊಗರಿ ಕಟ್ಟಿಗೆ, ಮತ್ತೆ ಹೊಗೆ. ಈ ಸಲ ಕೆಮ್ಮು ಆಕೆಯನ್ನು ಹಾಸಿಗೆಗೆ ಕೆಡವಿತು. ಪೂನಮ್ ಒಲೆಯ ಮುಂದೆ ಕೂತಳು. ಒಳಗಿನ ಕೋಣೆಯಲ್ಲಿ ಮಲಗಿ ಪಂಕ್ತಿಯ ಸದ್ದು ಕೇಳುತ್ತ ಅನುಸೂಯಾಬಾಯಿ, ಬರುವ ಅಮಾವಾಸ್ಯೆಯೊಳಗೆ ಎದ್ದು ಒಲೆ ಹಿಡಿಯದಿದ್ದರೆ ಇನ್ನು ಅದು ತನ್ನ ಕೈಗೆ ಬರುವುದಿಲ್ಲವೆಂದು ಲೆಕ್ಕ ಹಾಕಿದಳು. ಹೊಗೆ ಕುಡಿದರೆ ಸಾಯಬೇಕು, ಕುಡಿಯದಿದ್ದರೆ ಕಟ್ಟೆಯ ಮೇಲೆ ಕೂರಬೇಕು. ಎರಡರಲ್ಲಿ ಯಾವುದು ವಾಸಿಯೆಂದು ಆಕೆಗೆ ನಿಜವಾಗಿಯೂ ತಿಳಿಯಲಿಲ್ಲ.

ಒಂದು ಬೆಳಿಗ್ಗೆ ಪೂನಮ್ ಬಂದು, “ಏಳ್ರಿ ದೊಡ್ಡವ್ವಾ, ಗ್ಯಾಸ್ ಬರ್ಲಿಕತ್ತದ” ಅಂದಳು. ಹೋಗಿ ನೋಡಿದರೆ ಡ್ರಮ್ಮು ಮೊದಲಿಗಿಂತ ಎತ್ತರಕ್ಕೆ ಎದ್ದು ನಿಂತಿದೆ. ಹೇಗೆ ಎಂದು ಕೇಳಿದಳು. ಪೂನಮ್ ಸೆರಗು ಸರಿಮಾಡಿಕೊಂಡು, ಸಿಪ್ಪೆ, ಸೊಪ್ಪು, ಏನೇನೋ ಅಂದಳು. ಅನುಸೂಯಾಬಾಯಿಗೆ ಕೇಳುವ ವ್ಯವಧಾನ ಎಲ್ಲಿಯದು? ಹಿಟ್ಟಿನ ಪರಾತ ಎಳೆದುಕೊಂಡಾಗಿತ್ತು. ಪೂನಮ್ ಮಾತ್ರ ಬಡಿಸುವ ಕೆಲಸ ಬಿಟ್ಟುಕೊಡಲಿಲ್ಲ. “ನೀವು ಒಳಗೇ ಇರ್ರಿ, ದಣೀತೀರಿ” ಎಂದು ಪಂಕ್ತಿಯ ಕಡೆ ಬಿಡಲೇ ಇಲ್ಲ. ಸೊಸೆಗೆ ತನ್ನ ಮೇಲೆ ಎಷ್ಟು ಜೀವವೆಂದು ಮುದುಕಿ ಒಳಗೊಳಗೇ ಹಿಗ್ಗಿದಳು.

ಸೋಮವಾರ ಬಂತು. ಅವತ್ತು ಗೋಧಿ ಹುಗ್ಗಿ. ಎರಡನೆಯ ಸುತ್ತಿನ ಹುಗ್ಗಿಯನ್ನಾದರೂ ತಾನೇ ಬಡಿಸಬೇಕೆಂದು ಅನುಸೂಯಾಬಾಯಿ ಪಾತ್ರೆ ಎತ್ತಿಕೊಂಡು, ಪೂನಮ್ ತಡೆಯುವುದರೊಳಗೆ ಪಂಕ್ತಿಗೆ ನಡೆದುಬಿಟ್ಟಳು.

ಉಣ್ಣುವವರ ಕೈಗಳು ನಿಂತವು. ಎಲ್ಲರ ತಟ್ಟೆಯ ಅಂಚಿನಲ್ಲಿ ಒಂದೊಂದು ತುಂಡು ರೊಟ್ಟಿ, ಒಂದೊಂದು ತುತ್ತು ಅನ್ನ ಬೇರೆಯಾಗಿ ಕೂತಿತ್ತು. ಮೊದಲ ತಟ್ಟೆಯ ಕಲ್ಯಾಣಪ್ಪ ಆಗಲೇ ಎದ್ದಿದ್ದ. ಉಳಿಸಿದ ತುತ್ತನ್ನು ಎರಡು ಕಣ್ಣಿಗೂ ಒತ್ತಿಕೊಂಡು ಬಕೆಟ್ಟಿಗೆ ಹಾಕುತ್ತಿದ್ದವನು ಆಕೆಯನ್ನು ಕಂಡು ಹಾಗೇ ನಿಂತ.

“ಕಲ್ಯಾಣಪ್ಪಾ, ರೊಟ್ಟಿ ಕಲ್ಲಾಗಿತ್ತೇನು?”

“ಇಲ್ರೀ ಅಮ್ಮಾರೇ. ಹೂವಿನಂಗ ಇತ್ತು.”

“ಪಲ್ಯಾಕ್ಕ ಉಪ್ಪು ಜಾಸ್ತಿ ಆಗಿತ್ತೇನು?”

“ಇಲ್ರೀ.”

“ಮತ್ತ ಯಾಕ ಬಿಟ್ಟಿ?”

ಅಷ್ಟು ದೊಡ್ಡ ಆಳು ತುತ್ತು ಹಿಡಿದ ಕೈಯನ್ನು ಬೆನ್ನ ಹಿಂದೆ ಒಯ್ದ. ಹೆಂಗಸರ ಸಾಲಿನಿಂದ ಅವನ ಹೆಂಡತಿ ರಂಭಾಬಾಯಿ ಮಾತಾಡಿದಳು.

“ನಿಮ್ಮ ಉಸುರಿಗಿ ಬಿಟ್ಟೇವ್ರೀ ಅಮ್ಮಾರೇ. ನೀವು ಬಿದ್ದಿದ್ರಿ, ಒಳಗಿನ ಕೆಮ್ಮು ನಮಗ ಉಣ್ಲಿಕ್ಕ ಕೊಡ್ಲಿಲ್ಲ. ಎಲ್ಲಾರೂ ಕೂಡಿ ಮಾತಾಡಿದಿವಿ. ತಲಿಗೊಂದು ತುತ್ತು ಬಿಟ್ರ ಗುಂಡಿ ಹೊಟ್ಟಿ ತುಂಬ್ತದ ಅಂತ ಸೋಮೇಶ್ವರಯ್ಯನೋರು ಹೇಳಿದ್ರು.”

“ಪಾಪ ಅದ, ಗೊತ್ತದ್ರೀ,” ಕಲ್ಯಾಣಪ್ಪ ಮೆಲ್ಲಗೆ ಅಂದ. “ನಮ್ಮ ನಮ್ಮ ಪಾಲಿಂದು ನಾವು ಹೊತಗೋತೀವಿ. ನೀವು ಆರಾಮ ಇರ್ರಿ.”

ಬೈಗುಳ ಬರುತ್ತದೆಂದು ಎಲ್ಲರೂ ಕಾದರು. ಬರಲಿಲ್ಲ. ಅನುಸೂಯಾಬಾಯಿ ಹುಗ್ಗಿಯ ಪಾತ್ರೆಯನ್ನು ಪೂನಮ್‌ಳ ಕೈಗಿಟ್ಟು ಒಳಗೆ ಹೋಗಿ ಶೇಗಡಿಯ ಮುಂದೆ ಕೂತಳು. ಕಣ್ಣಲ್ಲಿ ನೀರು ಒಂದೇ ಸಮನೆ. ಮೊದಲಾಗಿದ್ದರೆ ಹೊಗೆಯ ಮೇಲೆ ಹಾಕಿ ಪಾರಾಗಬಹುದಿತ್ತು. ಈಗ ಆ ನೆಪವೂ ಉಳಿದಿರಲಿಲ್ಲ. ಇಷ್ಟು ಕಾಲ ತಾನು ಒಂದು ಅಗುಳಿಗಾಗಿ ಕಣ್ಣು ಬಿಟ್ಟು ಹೆದರಿಸಿದ ಮಂದಿ, ತನಗಾಗಿ ಪ್ರಸಾದ ಬಿಟ್ಟಿದ್ದರು. ಈ ಪ್ರೀತಿಯನ್ನು ಏನು ಮಾಡಬೇಕು? ಇಟ್ಟುಕೊಂಡರೆ ಊರಿಗೆಲ್ಲ ಪಾಪ, ಬೇಡವೆಂದರೆ ಮತ್ತೆ ಹೊಗೆ. ಬರ್ನರಿನ ಕೀಲಿ ತಿರುಗಿಸಿ ಬೆಂಕಿ ಆರಿಸಿದಳು. ಅವತ್ತು ಆಕೆ ಉಣ್ಣಲಿಲ್ಲ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಹಿತ್ತಲಿನ ಬಿದಿರು ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಹೊರಟಳು. ಸೋಮೇಶ್ವರ ಎಲ್ಲಿಗೆ ಎಂದು ಕೇಳಿದ.

“ಕೋರಣ್ಯಕ್ಕ.”

“ದೊಡ್ಡವ್ವಾ, ಹೆಣಮಕ್ಕಳು ಕೋರಣ್ಯಕ್ಕ ಹೋಗ್ತಾರೇನು? ಜೋಳ ಬೇಕಾದ್ರ ನಾ ತರ್ತೀನಿ.”

“ಜೋಳಕ್ಕ ನೀ ಹೋಗು. ಇದಕ್ಕ ನಾನೇ ಹೋಗ್ಬೇಕು.”

ಕಲ್ಯಾಣಪ್ಪನ ಬಾಗಿಲಲ್ಲಿ ನಿಂತು, ರೇವಣಸಿದ್ಧಯ್ಯ ಕೂಗುತ್ತಿದ್ದ ರಾಗದಲ್ಲೇ “ಕೋರಣ್ಯ ಭಿಕ್ಷಾ” ಎಂದು ಕೂಗಿದಳು. ಅರ್ಧ ಕೂಗಿಗೆ ಉಸಿರು ಸಾಲದೆ ನಿಂತು, ಇನ್ನರ್ಧ ಮುಗಿಸಿದಳು. ರಂಭಾಬಾಯಿ ಗಾಬರಿಯಾಗಿ ಮೊರದ ತುಂಬ ಜೋಳ ಹಿಡಿದು ಓಡಿಬಂದಳು. ಬುಟ್ಟಿ ನೋಡಿದಳು, ಜೋಳ ಸುರಿಯಲು ಬಗ್ಗಿದಳು. ಅನುಸೂಯಾಬಾಯಿ ಅಡ್ಡ ಕೈ ಹಿಡಿದಳು.

“ಜೋಳ ಬ್ಯಾಡವಾ. ಶಗಣಿ ನೀಡು.”

ರಂಭಾಬಾಯಿ ಮೊರ ಹಿಂದಕ್ಕೆಳೆದುಕೊಂಡಳು. ಜಂಗಮರು ಬಾಗಿಲಿಗೆ ಬಂದರೆ ಕಾಲು ತೊಳೆದು ನಮಸ್ಕರಿಸುವ ಮನೆ ಅದು. ಆ ಭಿಕ್ಷಾಪಾತ್ರೆಗೆ ಸೆಗಣಿ?

“ಎಂಥಾ ಮಾತ್ರೀ ಅಮ್ಮಾರೇ! ಟ್ರಾಲಿಲಿಂದ ಗುಂಡಿಗಿ ಹಾಕೋದು ಬ್ಯಾರೆ. ಬಾಗಲಿಗಿ ಬಂದ ಜಂಗಮರ ಬುಟ್ಟ್ಯಾಗ ನನ್ನ ಕೈಲೆ ಶಗಣಿ ನೀಡೂದಾ? ನಾ ನರಕಕ್ಕ ಹೋಗ್ಲೇನು?”

“ತಟ್ಟ್ಯಾಗ ಪ್ರಸಾದ ಬಿಡಬೇಕಾದ್ರ ನರಕ ನೆನಪಾಗ್ಲಿಲ್ಲೇನು?”

ಅನುಸೂಯಾಬಾಯಿ ಬುಟ್ಟಿಯನ್ನು ಇನ್ನಷ್ಟು ಮುಂದೆ ಹಿಡಿದಳು.

“ನನ್ನ ಸಲುವಾಗಿ ಅಷ್ಟು ದೊಡ್ಡ ಪಾಪ ಹೊತ್ತಿ. ಇದು ಎಷ್ಟರದವಾ ಅದರ ಮುಂದ? ನಾ ಕೇಳ್ದೆ ಕುಂತೆ, ಅದಕ್ಕೇ ನೀವು ತುತ್ತು ಬಿಟ್ರಿ. ತಪ್ಪು ನಂದು. ಈಗ ಬಂದು ಕೇಳ್ಲಿಕತ್ತೀನಿ, ಇಲ್ಲ ಅನಬ್ಯಾಡ.”

ರಂಭಾಬಾಯಿ ಮೊರವನ್ನು ಕಟ್ಟೆಯ ಮೇಲಿಟ್ಟು ದನದ ಕೊಟ್ಟಿಗೆಗೆ ಹೋದಳು. ಎರಡೂ ಕೈ ತುಂಬ ತಂದು, ಭಿಕ್ಷೆ ನೀಡುವಾಗ ಮಾಡುವಂತೆಯೇ ಸೆರಗು ತಲೆಯ ಮೇಲೆಳೆದುಕೊಂಡು, ಬುಟ್ಟಿಗೆ ಇಳಿಸಿದಳು. ಆಮೇಲೆ ಕಾಲು ಮುಟ್ಟಬೇಕು; ಕೈಯೆಲ್ಲ ಸೆಗಣಿ. ಏನು ಮಾಡಲೂ ತೋಚದೆ ಹಾಗೆಯೇ ನಿಂತು ಅತ್ತುಬಿಟ್ಟಳು. ಅನುಸೂಯಾಬಾಯಿ ಆ ಕೈಗಳನ್ನೇ ಹಿಡಿದುಕೊಂಡಳು.

ಸುದ್ದಿ ಆಕೆಗಿಂತ ಮುಂದೆ ಓಡಿತು. ಧೂಳಪ್ಪನ ಮನೆಯವರು ಸೆಗಣಿಯ ಮೇಲೆ ವಿಭೂತಿ ಉದುರಿಸಿ ಕೊಟ್ಟರು. ಕಂಡು ಆಕೆಗೆ ನಗು ತಡೆಯಲಾಗಲಿಲ್ಲ, ವಿಭೂತಿಯೂ ಅದರದೇ ಬೂದಿಯಲ್ಲವೆ! ಗುಂಡಮ್ಮನ ಕೊಟ್ಟಿಗೆಯಲ್ಲಿ ಈಗ ಟ್ರ್ಯಾಕ್ಟರ್ ಬಿಟ್ಟರೆ ಏನೂ ಇಲ್ಲ. ಬರಿಗೈಲಿ ಹೇಗೆ ಕಳಿಸಲಿ ಎಂದು ಆಕೆ ಕಣ್ಣೀರು ತಂದಾಗ, “ಕಾಯಿಪಲ್ಯಾದ ಸಿಪ್ಪಿ ಹಾಕು, ಅದೂ ಉರೀತದ” ಅಂದಳು ಅನುಸೂಯಾಬಾಯಿ. ಬುಟ್ಟಿ ಭಾರವಾಗಿ ಏದುಸಿರು ಬಂದು ಒಂದು ಕಟ್ಟೆಯ ಮೇಲೆ ಕೂತಾಗ ಸೋಮೇಶ್ವರ ಹಿಂದಿನಿಂದ ಬಂದು ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡ. ಪಂಚೆ ಉಟ್ಟು ರುದ್ರಾಕ್ಷಿ ಹಾಕಿದ ಸ್ವಾಮಿಗಳು ಸೆಗಣಿ ಬುಟ್ಟಿ ಹೊತ್ತು ಪೇಟೆಯ ನಡುವೆ ಹಾದುಹೋದರು. ಗ್ಯಾಸಾದ ಮೇಲೆ ಗುಂಡಿಯಿಂದ ಹೊರಬರುವ ರಾಡಿ ಒಳ್ಳೆಯ ಗೊಬ್ಬರ, ಅದು ಕೊಟ್ಟವರ ಹೊಲಕ್ಕೇ ತಿರುಗಿ ಬರುತ್ತದೆ ಎಂದು ಮನೆಮನೆಗೂ ಅವನೇ ಹೇಳಿದ. ಅದನ್ನು ಕೇಳಿ ಕೊಟ್ಟವರು ಯಾರೂ ಇರಲಿಲ್ಲ, ಅಷ್ಟರಲ್ಲಿ ಎಲ್ಲರೂ ಕೊಟ್ಟಾಗಿತ್ತು.

ಮುಂದಿನ ಸೋಮವಾರ ಡ್ರಮ್ಮು ಎದ್ದೇ ಇತ್ತು. ಅನುಸೂಯಾಬಾಯಿ ತಾನೇ ಬೇಯಿಸಿದಳು, ಸೌಟು ಹಿಡಿದು ತಾನೇ ಬಡಿಸಿದಳು. ಪಂಕ್ತಿಯ ಪಕ್ಕದ ಬಕೆಟ್ಟನ್ನು ಅಲ್ಲಿಂದ ತೆಗೆಸಿಬಿಟ್ಟಿದ್ದಳು. ಕಲ್ಯಾಣಪ್ಪ ತಟ್ಟೆ ತೊಳೆದು ಕುಡಿದು, ಖಾಲಿ ತಟ್ಟೆಯನ್ನು ಶಾಲೆಯ ಹುಡುಗನ ಹಾಗೆ ಎತ್ತಿ ತೋರಿಸಿದ. “ತಿಳೀತು, ಏಳು” ಎಂದು ಗದರಿದಳು. ಗದರಿಕೆ ಕೇಳಿ ಇಡೀ ಪಂಕ್ತಿಗೆ ಜೀವ ಬಂದಂತಾಯಿತು.

ಎಲ್ಲರದೂ ಮುಗಿದ ಮೇಲೆ, ಎಂದಿನಂತೆ ಕೊನೆಗೆ, ಆಕೆ ತನ್ನ ತಟ್ಟೆ ಹಾಕಿಕೊಂಡು ಕೂತಳು. ದಿನಾ ಒಬ್ಬಳೇ ಉಣ್ಣುತ್ತಿದ್ದವಳ ಎದುರು ಅವತ್ತು ರಂಭಾಬಾಯಿ ಬಂದು ಕೂತಳು. ಪೂನಮ್ ಬಂದಳು, ಇನ್ನೂ ನಾಲ್ಕಾರು ಹೆಂಗಸರು ಬಂದರು. ಎಲ್ಲರೂ ಆಕೆ ಉಣ್ಣುವುದನ್ನೇ ನೋಡುತ್ತಿದ್ದರು. ಅನುಸೂಯಾಬಾಯಿ ರೊಟ್ಟಿ ಮುರಿದು ಉಂಡಳು, ಅನ್ನ ಕಲಸಿ ಉಂಡಳು. ಕೊನೆಯ ತುತ್ತು ಎತ್ತಿ, ಎದುರು ಕೂತವರನ್ನು ನೋಡಿದಳು. ಕೆಮ್ಮು ಬಂದಿರಲಿಲ್ಲ, ಆದರೂ ತುತ್ತು ಬಾಯಿಯವರೆಗೆ ಬಂದು ತಿರುಗಿ ತಟ್ಟೆಗೆ ಇಳಿಯಿತು.

“ಆಗವಲ್ದವಾ,” ಅಂದಳು. “ಇಷ್ಟ ಉಳೀತು ನೋಡು. ನನ್ನ ತಟ್ಟ್ಯಾಗೇ ಉಳೀತು.”

ರಂಭಾಬಾಯಿ ಕೈ ಚಾಚಿ ಆ ತುತ್ತನ್ನು ತೆಗೆದುಕೊಂಡು, ಕಣ್ಣಿಗೊತ್ತಿ, ತನ್ನ ಬಾಯಿಗೆ ಹಾಕಿಕೊಂಡಳು.